ಸ್ಟೋಯಿಕ ದರ್ಶನದಲ್ಲಿ ಕರ್ಮವಿಚಾರ

ಗ್ರೀಸ್ ದೇಶದ ದರ್ಶನಕಾರರಲ್ಲಿ ಸ್ಟೋಯಿಕರಿಗೆ ಬಂದಿರುವ ಪ್ರಸಿದ್ಧಿಯು ಒಂದು ಬಗೆಯಲ್ಲಿ ಅಪಪ್ರಸಿದ್ಧಿಯೇ ಆಗಿದೆ. ಸ್ಟೋಯಿಕನೆಂದರೆ ಸುಖದುಃಖಗಳೆರಡಕ್ಕೂ ಅಲುಗದೆ ಬಂಡೆಯಂತೆ ನಿಲ್ಲುವವನು, ಲೋಕದ ಆಗುಹೋಗುಗಳಲ್ಲಿ ಆಸ್ಥೆಯಿಲ್ಲದವನು ಎಂಬ ಭಾವನೆಯು ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ಭಾವನೆಗೆ ಆಧಾರವೇ ಇಲ್ಲವೆಂದು ಹೇಳುವಂತಿಲ್ಲ. ಶೀಲವೊಂದೇ ಶ್ರೇಯಸ್ಸು, ದುಶ್ಶೀಲವೊಂದೇ ಅನರ್ಥ. ಇವೆರಡರ ನಡುವೆ ಇರುವ ಆರೋಗ್ಯ, ಐಶ್ವರ್ಯ, ಕೀರ್ತಿ, ಆಯುಸ್ಸು ಮೊದಲಾದುವೂ ಅವುಗಳಿಗೆ ಎದುರಾದ ರೋಗದಾರಿದ್ರ್ಯಾದಿಗಳೂ ಮನುಷ್ಯನನ್ನು ಸುಖಿಯನ್ನಾಗಲಿ ದುಃಖಿಯನ್ನಾಗಲಿ ಮಾಡಲಾರವು, ಆದುದರಿಂದ ಅವು ಉದಾಸೀನವಸ್ತುಗಳು ಎಂಬುದು ಆ ಮತದ ಮೂಲಪ್ರತಿಜ್ಞೆ. ಇಷ್ಟನ್ನು ಮಾತ್ರ ಕೇಳಿದವನು, ಹಾಗಾದರೆ ಸ್ಟೋಯಿಕನು ಏತಕ್ಕಾಗಿ ದುಡಿಯಬೇಕು ಎಂದು ಕೇಳುವುದು ಸಹಜವೇ ಆಗಿದೆ. ರೋಗಿಯ ಆರೋಗ್ಯವು ಉದಾಸೀನವಾದರೆ ವೈದ್ಯನು ರಾತ್ರಿಯೆಲ್ಲ ಎಚ್ಚರವಾಗಿರುವುದೇಕೆ? ಶಿಷ್ಯನ ವಿದ್ಯೆಯು ಗುರುವಿನ ಕೈಮೀರಿದ ವಸ್ತುವಾದರೆ ಗುರುವು ಗಂಟಲೊಣಗಿಸಿಕೊಳ್ಳುವುದೇಕೆ?

ಈ ಪ್ರಶ್ನೆಯು ಹೊಸದಲ್ಲ. ಸ್ಟೋಯಿಕರು ಬದುಕಿದ್ದಾಗಲೇ ಅವರ ಪ್ರತಿವಾದಿಗಳು ಇದನ್ನು ಎತ್ತಿದ್ದರು; ಉತ್ತರ ಕೊಡುವುದಕ್ಕಾಗಿ ಆ ಸಂಪ್ರದಾಯವು ಐದು ಶತಮಾನಗಳಷ್ಟು ಕಾಲ ಶ್ರಮಿಸಿತು. ಆ ಉತ್ತರವನ್ನು ತಿಳಿಯದೆ ಸ್ಟೋಯಿಕರನ್ನು ವಿರಕ್ತರೆಂದು ಬಗೆಯುವುದೂ, ಫಲಾಪೇಕ್ಷೆಯನ್ನು ಬಿಟ್ಟವರೆಂಬ ಒಂದೇ ಕಾರಣದಿಂದ ಅವರ ಮತವು ನಮ್ಮ ಕರ್ಮಯೋಗವೇ ಎಂದು ಸಾರುವುದೂ ಎರಡೂ ಅವಿಚಾರವೇ ಸರಿ.

ಕ್ರಿ. ಪೂ. ೩೦೦ರ ಸುಮಾರಿಗೆ ಸೈಪ್ರಸ್ ದ್ವೀಪದ ಕಿಟಿಯಮ್ ಎಂಬ ಊರಿನ ಜೀನೋ ಎಂಬವನು ಅಥೆನ್ಸ್ ಪಟ್ಟಣದ ಚಿತ್ರದ ಕೈಸಾಲೆಯಲ್ಲಿ ಪಾಠ ಹೇಳಲು ಪ್ರಾರಂಭಿಸಿದನು. ಕೈಸಾಲೆಗೆ ಗ್ರೀಕ್ ಭಾಷೆಯಲ್ಲಿ 'ಸ್ಟೋಅ' ಎಂದು ಹೆಸರು. ಅಲ್ಲಿ ಕಲಿತವರು ಸ್ಟೋಯಿಕರು. ಜೀನೋವಿನ ಶಿಷ್ಯರಲ್ಲಿ ಕಿಯಾಸ್ ದ್ವೀಪದ ಅರಿಸ್ಟೋ ಎಂಬವನು ಗುರುವಿನ ಪ್ರತಿಜ್ಞೆಯನ್ನು ಅದರ ಕೊನೆಯವರೆಗೂ ಎಳೆದನು. ಉದಾಸೀನವಸ್ತುಗಳಲ್ಲಿ ತಾರತಮ್ಯವೇ ಇಲ್ಲವೆಂದೂ, ಆರೋಗ್ಯವನ್ನು ರೋಗಕ್ಕಿಂತ ಮೇಲೆಂದು ಆರಿಸುವುದಕ್ಕೆ ವಸ್ತುವಿನಲ್ಲಿಯೇ ಕಾರಣವಿಲ್ಲವೆಂದೂ ಅವನ ವಾದ. ಸಂಪ್ರದಾಯವು ಇದನ್ನು ಒಪ್ಪಲಿಲ್ಲ. ಒಪ್ಪಿದ್ದರೆ ಶೀಲಕ್ಕೆ ಮಾಡಲು ಕೆಲಸವೇ ಉಳಿಯುತ್ತಿರಲಿಲ್ಲ. ಆರಿಸಿಕೊಳ್ಳುವುದು ವಿವೇಕದ ವ್ಯಾಪಾರ. ಆರಿಸತಕ್ಕ ವಸ್ತುಗಳಲ್ಲಿ ಭೇದವೇ ಇಲ್ಲವೆಂದರೆ ವಿವೇಕವು ಏನನ್ನು ವಿವೇಚಿಸಬೇಕು? ಆದುದರಿಂದ ಉದಾಸೀನಗಳಲ್ಲಿಯೇ ಕೆಲವು ಪ್ರಕೃತಿಗೆ ಒಪ್ಪುವುವು, ಅವು ವರಣೀಯ. ಕೆಲವು ಒಪ್ಪದವು, ಅವು ಪರಿಹರಣೀಯ ಎಂದು ವಿಭಾಗಿಸಿದರು. ಆರೋಗ್ಯವು ವರಣೀಯವೇ ಹೊರತು ಶ್ರೇಯಸ್ಸಲ್ಲ. ಈ ಸೂಕ್ಷ್ಮಭೇದದ ಮೇಲೆಯೇ ಅವರ ಕರ್ಮವಿಚಾರವೆಲ್ಲ ನಿಂತಿದೆ.

ಇಲ್ಲಿ ಒಂದು ಶಬ್ದದ ವಿಚಾರವನ್ನು ಎತ್ತಿಕೊಳ್ಳುವುದು ಅವಶ್ಯ. ಮನುಷ್ಯನು ಮಾಡತಕ್ಕ ಕಾರ್ಯಕ್ಕೆ ಸ್ಟೋಯಿಕರು ಇಟ್ಟ ಹೆಸರು 'ಕಥೇಕೋನ್'. ಈ ಹೆಸರನ್ನು ಮೊದಲು ಬಳಸಿದವನು ಜೀನೋವೇ ಎಂದು ಡಯೋಜಿನಿಸ್ ಲೇರ್ಷಿಯಸ್ ಎಂಬ ಚರಿತ್ರಕಾರನು ಬರೆದಿದ್ದಾನೆ. ಇಂಥಿಂಥವರ ಬಳಿಗೆ ಬಂದು ಮುಟ್ಟುವುದು ಎಂಬ ಅರ್ಥದ ಮಾತುಗಳಿಂದ ಅದನ್ನು ನಿಷ್ಪನ್ನಮಾಡಿದ್ದೂ ಜೀನೋವೇ ಎನ್ನುತ್ತಾನೆ. ಇದನ್ನು 'ಕರ್ತವ್ಯ'ವೆಂದು ಅನುವಾದಮಾಡುವುದು ವಾಡಿಕೆ. ಆದರೆ ಸ್ಟೋಯಿಕರು ಗಿಡಮರಗಳಿಗೂ ಪಶುಪಕ್ಷಿಗಳಿಗೂ ಕಥೇಕೋನ್ ಉಂಟೆಂದು ಹೇಳುತ್ತಾರೆ. ಬಳ್ಳಿಯು ಆಸರೆಯ ಕಡೆಗೆ ಚಾಚುವುದಕ್ಕೆ ಕರ್ತವ್ಯವೆಂದು ಯಾರೂ ಹೇಳರು. ವಿಧಿಯಿಲ್ಲದೆ, ವಿಧಿಯನ್ನು ತಿಳಿದು ನಡೆಯುವ ಕರ್ತೃವಿಲ್ಲದೆ ಕರ್ತವ್ಯವಿಲ್ಲ. ಕನ್ನಡದಲ್ಲಿ ಈ ಗ್ರೀಕ್ ಪದಕ್ಕೆ ಹೆಚ್ಚು ಸಮೀಪವಾದ ಧಾತುವು 'ಸಲ್' ಎಂಬುದು. ಹೋಗು, ಒಳಹೊಗು ಎಂಬುದು ಅದರ ಹಳೆಯ ಅರ್ಥ. ತಕ್ಕುದಾಗು, ಯೋಗ್ಯವಾಗು, ಸಂದಾಯವಾಗು ಎಂಬುವು ಅದರಿಂದಲೇ ಬೆಳೆದ ಅರ್ಥಗಳು. ಈ ಮಾತು ನಿನಗೆ ಸಲ್ಲದು, ಈ ಹಣವು ಇಂಥವನಿಗೆ ಸಲ್ಲಬೇಕು ಎಂಬ ಪ್ರಯೋಗಗಳಲ್ಲಿ ಬಂದು ಸೇರುವುದೂ ಒಪ್ಪುವುದೂ ಒಂದೇ ಮಾತಿನಲ್ಲಿ ಅಡಗಿವೆ. ಗ್ರೀಕ್ ಶಬ್ದದಲ್ಲಿರುವುದೂ ಈ ಎರಡರ ಕೂಡುವಿಕೆಯೇ. 'ಸಲುವುದು' ಎಂದರೆ ಬಳ್ಳಿಗೂ ಸಲುವುದುಂಟು, ಮನುಷ್ಯನಿಗೂ ಸಲುವುದುಂಟು. ಭೇದವೆಂದರೆ, ಮನುಷ್ಯನು ತನಗೆ ಸಲುವುದನ್ನು ವಿವೇಚಿಸಿ ಕಂಡುಕೊಳ್ಳಬೇಕು. ಮಾಡಿದುದಕ್ಕೆ ಸಮಂಜಸವಾದ ಹೇತುವನ್ನು ಹೇಳಬಲ್ಲವನಾಗಿರಬೇಕು.

ಸಲುವ ಕೆಲಸವು ಮೇಲ್ತರದ್ದಾಗಿರಬೇಕೆಂಬ ನಿಯಮವೇನೂ ಇರಲಿಲ್ಲವೆಂಬುದಕ್ಕೆ ಜೀನೋವಿನ ಬಳಿಕ ಪೀಠವನ್ನೇರಿದ ಕ್ಲೆಯಾಂಥಿಸನ ಚರಿತ್ರೆಯೇ ಸಾಕ್ಷಿ. ಆಸೋಸ್ ಎಂಬ ಊರಿನ ಈತನು ಮೊದಲು ಮುಷ್ಟಿಯುದ್ಧದ ಮಲ್ಲನಾಗಿದ್ದವನು. ಕೈಯಲ್ಲಿ ನಾಲ್ಕು ದ್ರಾಖ್ಮ ಹಣವನ್ನು ಹಿಡಿದು ಅಥೆನ್ಸಿಗೆ ಬಂದನಂತೆ. ಹಗಲೆಲ್ಲ ಜೀನೋವಿನ ಬಳಿ ಶಾಸ್ತ್ರಪಾಠ. ರಾತ್ರಿ ತೋಟಗಳಲ್ಲಿ ಬಾವಿಯಿಂದ ನೀರು ಸೇದುವ ಕೂಲಿ. ಜನರು ಅವನ ಹೆಸರನ್ನೇ ತಿರುಚಿ 'ಬಾವಿ ಸೇದುವವನು' ಎಂಬ ಅರ್ಥ ಬರುವಂತೆ ಕರೆಯುತ್ತಿದ್ದರು. ಹಗಲಲ್ಲಿ ಯಾವ ಉದ್ಯೋಗವನ್ನೂ ಮಾಡದ ಈ ದೃಢಕಾಯನಿಗೆ ಜೀವನವು ಹೇಗೆ ನಡೆಯುತ್ತಿದೆ ಎಂದು ಸಂಶಯವುಂಟಾಗಿ ಅವನನ್ನು ಅರಿಯೋಪಾಗಸ್ ಎಂಬ ನ್ಯಾಯಸಭೆಗೆ ಕರೆಯಿಸಿದರು. ತೋಟದ ಯಜಮಾನನೂ, ಅವನಿಂದ ಹಿಟ್ಟು ಬೀಸಿಸಿಕೊಳ್ಳುತ್ತಿದ್ದ ಹಿಟ್ಟುಮಾರುವ ಹೆಂಗಸೂ ಬಂದು ಸಾಕ್ಷ್ಯ ಹೇಳಿದರು. ನ್ಯಾಯಾಧಿಪತಿಗಳು ಮೆಚ್ಚಿ ಹತ್ತು ಮಿನಾ ಹಣವನ್ನು ಕೊಡಿಸಬೇಕೆಂದು ನಿರ್ಣಯಿಸಿದರೆ, ಅದನ್ನು ತೆಗೆದುಕೊಳ್ಳಕೂಡದೆಂದು ಜೀನೋ ತಡೆದನಂತೆ. ಮಿನಾ ಒಂದಕ್ಕೆ ನೂರು ದ್ರಾಖ್ಮ. ನಾಲ್ಕು ದ್ರಾಖ್ಮದೊಡನೆ ಬಂದವನು ಸಾವಿರ ದ್ರಾಖ್ಮವನ್ನು ಬಿಟ್ಟಂತಾಯಿತು. ಕಾಗದಕ್ಕೆ ಹಣವಿಲ್ಲದೆ ಚಿಪ್ಪುಗಳ ಮೇಲೆಯೂ ಎತ್ತಿನ ಹೆಗಲಮೂಳೆಗಳ ಮೇಲೆಯೂ ಪಾಠವನ್ನು ಬರೆದಿಟ್ಟುಕೊಂಡನೆಂಬ ಮಾತೂ ಇದೆ. ಸಹಪಾಠಿಗಳು ಅವನನ್ನು ಮಂದಮತಿಯೆಂದು ಹಾಸ್ಯಮಾಡಿ ಕತ್ತೆಯೆಂದು ಕರೆದಾಗ, ಜೀನೋವಿನ ಹೊರೆಯನ್ನು ಹೊರಬಲ್ಲವನು ತಾನೊಬ್ಬನೇ ಎಂದು ಆತನು ಒಪ್ಪಿಕೊಂಡನು. ಈ ಕಥೆಗಳಲ್ಲಿ ಉತ್ಪ್ರೇಕ್ಷೆಯು ಸೇರಿರಬಹುದು. ಹಾಗಿದ್ದರೂ ಸಂಪ್ರದಾಯವು ತನ್ನ ಎರಡನೆಯ ಆಚಾರ್ಯನನ್ನು ಯಾವ ರೂಪದಲ್ಲಿ ಸ್ಮರಿಸಲು ಇಷ್ಟಪಟ್ಟಿತೆಂಬುದು ಇವುಗಳಿಂದ ತಿಳಿಯುತ್ತದೆ. ನೀರು ಸೇದುವುದು ಅವನ ಅಧ್ಯಯನಕ್ಕೆ ವಿಘ್ನವೆಂದು ಎಲ್ಲಿಯೂ ಹೇಳಿಲ್ಲ.

ಇನ್ನು ಮುಖ್ಯವಾದ ಪೂರ್ವಪಕ್ಷಕ್ಕೆ ಬರಬಹುದು. ಕ್ರಿ. ಪೂ. ಎರಡನೆಯ ಶತಮಾನದಲ್ಲಿ ಪ್ಲೇಟೋವಿನ ಪೀಠದಲ್ಲಿದ್ದ ಕಾರ್ನಿಯೇಡೀಸನು ಅಸಾಧಾರಣ ವಾಗ್ಮಿ. ೧೫೫ರಲ್ಲಿ ಅಥೆನ್ಸಿನ ಪರವಾಗಿ ರೋಮಿಗೆ ಹೋದ ಮೂವರು ದಾರ್ಶನಿಕರಲ್ಲಿ ಅವನೂ ಒಬ್ಬ, ಸ್ಟೋಯಿಕನಾದ ಬ್ಯಾಬಿಲೋನಿನ ಡಯೋಜಿನಿಸನೂ ಒಬ್ಬ. ಈ ಡಯೋಜಿನಿಸನ ಬಳಿಕ ಪೀಠಕ್ಕೆ ಬಂದ ಟಾರ್ಸಸಿನ ಆಂಟಿಪೇಟರನು ಕಾರ್ನಿಯೇಡೀಸನ ಆಕ್ಷೇಪಗಳಿಗೆ ಸಭೆಯಲ್ಲಿ ಎದುರುನಿಲ್ಲಲಾರದೆ ಗ್ರಂಥಗಳಲ್ಲಿ ಮಾತ್ರ ಉತ್ತರ ಬರೆಯುತ್ತಿದ್ದನಂತೆ. ಅದರಿಂದ ಅವನಿಗೆ 'ಲೇಖನಿಯಿಂದ ಕೂಗುವವನು' ಎಂಬ ಅಡ್ಡಹೆಸರು ಬಂತು. ಪಂಡಿತರಲ್ಲಿ ಇಂಥವರು ಎಲ್ಲ ಕಾಲದಲ್ಲಿಯೂ ಇದ್ದಾರೆ, ಅವರ ಉತ್ತರಗಳು ಸಭೆಯ ಉತ್ತರಗಳಿಗಿಂತ ಕೀಳೆಂದೇನೂ ಇಲ್ಲ. ಆಂಟಿಪೇಟರನು ಪುರುಷಾರ್ಥವನ್ನು ಹೀಗೆ ನಿರ್ವಚಿಸಿದನು: ಪ್ರಕೃತಿಗೆ ಒಪ್ಪುವ ವರಣೀಯವಸ್ತುಗಳನ್ನು ಪಡೆಯಲು ತನ್ನ ಕೈಯಲ್ಲಿರುವುದೆಲ್ಲವನ್ನೂ ಎಡೆಬಿಡದೆ, ತಪ್ಪದೆ ಮಾಡುವುದೇ ಪುರುಷಾರ್ಥ. ಪಡೆಯುವುದು ಪುರುಷಾರ್ಥವಲ್ಲ, ಪಡೆಯಲು ಮಾಡುವುದು ಪುರುಷಾರ್ಥ.

ಇದಕ್ಕೆ ಕೊಟ್ಟ ಪ್ರಸಿದ್ಧ ದೃಷ್ಟಾಂತವು ಬಿಲ್ಲುಗಾರನದು. ಸಿಸರೋ ಕ್ರಿ. ಪೂ. ೪೫ರಲ್ಲಿ ಪುರುಷಾರ್ಥವಿಚಾರವಾಗಿ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದನ್ನು ಸ್ಟೋಯಿಕನಾದ ಕೇಟೋವಿನ ಬಾಯಲ್ಲಿ ಹೇಳಿಸಿದ್ದಾನೆ. ಬಿಲ್ಲುಗಾರನು ನೆಟ್ಟಗೆ ಗುರಿಯಿಡಲು ಮಾಡತಕ್ಕದ್ದನ್ನೆಲ್ಲ ಮಾಡುತ್ತಾನೆ. ಬಾಣವು ನಾಣನ್ನು ಬಿಟ್ಟ ಮೇಲೆ ಗಾಳಿ ಬೀಸಬಹುದು, ಲಕ್ಷ್ಯವೇ ಸರಿಯಬಹುದು. ಲಕ್ಷ್ಯವನ್ನು ತಗುಲುವುದು ವರಣೀಯ. ಚೆನ್ನಾಗಿ ಎಸೆಯುವುದು ಮಾತ್ರ ಅವನ ಪುರುಷಾರ್ಥ.

ದೃಷ್ಟಾಂತವು ಸೊಗಸಾಗಿದೆ, ಆದರೆ ನಿರ್ದೋಷವಲ್ಲ. ಕ್ರಿ. ಶ. ಒಂದನೆಯ ಶತಮಾನದ ಕೊನೆಯಲ್ಲಿ ಸ್ಟೋಯಿಕರನ್ನು ಖಂಡಿಸಿ ಬರೆದ ಪ್ಲೂಟಾರ್ಕನು ಇದನ್ನು ಹಿಡಿದು ನಗೆಯಾಡಿದ್ದಾನೆ. ಬಿಲ್ಲುಗಾರನು ಎಲ್ಲವನ್ನೂ ಮಾಡುವುದು ಲಕ್ಷ್ಯವನ್ನು ಹೊಡೆಯುವುದಕ್ಕಾಗಿ ಅಲ್ಲ, ಎಲ್ಲವನ್ನೂ ಮಾಡುವುದಕ್ಕಾಗಿ ಎಂದು ಹೇಳಿದಂತಾಯಿತಲ್ಲ ಎಂಬುದು ಅವನ ಆಕ್ಷೇಪದ ತಾತ್ಪರ್ಯ. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಆತ್ಮಾಶ್ರಯದೋಷ. ಮಾಡುವುದರ ಪ್ರಯೋಜನವು ಮಾಡುವುದೇ ಎಂದರೆ ಪ್ರಯೋಜನವನ್ನೇ ಹೇಳಿದಂತಾಗಲಿಲ್ಲ. ಅಲ್ಲದೆ ಬಿಲ್ಲುವಿದ್ಯೆಯು ಹುಟ್ಟಿರುವುದೇ ಲಕ್ಷ್ಯವನ್ನು ಭೇದಿಸುವುದಕ್ಕಾಗಿ. ಲಕ್ಷ್ಯಕ್ಕೆ ಬೆಲೆಯಿಲ್ಲವಾದರೆ ಚೆನ್ನಾಗಿ ಎಸೆದನು ಎಂಬ ಮಾತಿಗೆ ಅಳತೆ ಯಾವುದು?

ಈ ಆಕ್ಷೇಪದ ತೀಕ್ಷ್ಣತೆಯನ್ನು ಸ್ಟೋಯಿಕರೂ ಅರಿತಿದ್ದರೆಂದು ತೋರುತ್ತದೆ. ಕೇಟೋ ತಾನೇ ಮುಂದೆ, ವಿವೇಕವು ನೌಕಾವಿದ್ಯೆ, ವೈದ್ಯವಿದ್ಯೆಗಳಿಗೆ ಸಮಾನವಲ್ಲ, ನಾಟ್ಯಕ್ಕೂ ನರ್ತನಕ್ಕೂ ಸಮಾನ ಎಂದು ತಿದ್ದಿಕೊಳ್ಳುತ್ತಾನೆ. ವೈದ್ಯನ ಫಲವು ರೋಗಿಯ ದೇಹದಲ್ಲಿದೆ. ನರ್ತಕಿಯ ಫಲವು ಕುಣಿತದಲ್ಲಿಯೇ ಇದೆ. ಬಿಲ್ಲುಗಾರನು ಬಿಟ್ಟುಕೊಟ್ಟ ಅಂಶವನ್ನು ಈ ದೃಷ್ಟಾಂತವು ಪೂರೈಸುತ್ತದೆಯಾದರೂ ಇನ್ನೊಂದು ಅಂಶವನ್ನು ಇದು ಬಿಟ್ಟುಬಿಡುತ್ತದೆ. ಕುಣಿತಕ್ಕೆ ಹೊರಗೆ ಏನೂ ಬೇಕಿಲ್ಲ. ವೈದ್ಯನಿಗಾದರೋ ರೋಗಿಯು ಬೇಕು, ರೋಗಿಯು ಬದುಕಲಿ ಎಂಬ ಇಚ್ಛೆಯೂ ಬೇಕು. ಆ ಇಚ್ಛೆಯಿಲ್ಲದೆ ಸುಂದರವಾಗಿ ಚಿಕಿತ್ಸೆಮಾಡುವ ವೈದ್ಯನನ್ನು ಯಾವ ರೋಗಿಯೂ ಬಯಸನು.

ಈ ಕಗ್ಗಂಟನ್ನು ಬಿಡಿಸಿದ ಕೀರ್ತಿಯು ಎಪಿಕ್ಟೀಟಸನಿಗೆ ಸಲ್ಲತಕ್ಕದ್ದೆಂದು ತೋರುತ್ತದೆ. ಫ್ರಿಜಿಯ ದೇಶದ ಹಿಯರಾಪೊಲಿಸ್ ಎಂಬಲ್ಲಿ ಕ್ರಿ. ಶ. ೫೦ರ ಸುಮಾರಿಗೆ ಹುಟ್ಟಿದ ಈತನು, ರೋಮಿನಲ್ಲಿ ನೀರೋ ಚಕ್ರವರ್ತಿಯ ಆಪ್ತನಾದ ಎಪಫ್ರೊಡೈಟಸನ ದಾಸನಾಗಿದ್ದವನು. ದಾಸ್ಯದಲ್ಲಿದ್ದಾಗಲೇ ಮ್ಯುಸೋನಿಯಸ್ ರೂಫಸನಲ್ಲಿ ಶಾಸ್ತ್ರವನ್ನು ಕಲಿತನು. ಡೊಮಿಷಿಯನ್ ಚಕ್ರವರ್ತಿಯು ದಾರ್ಶನಿಕರನ್ನು ಹೊರಡಿಸಿದಾಗ ನಿಕೊಪೊಲಿಸಿಗೆ ಹೋಗಿ ಅಲ್ಲಿ ಪಾಠಶಾಲೆಯನ್ನಿಟ್ಟನು. ಸ್ವತಃ ಏನನ್ನೂ ಬರೆಯಲಿಲ್ಲ. ಶಿಷ್ಯನಾದ ಆರ್ರಿಯನ್ ಎಂಬವನು ಕೇಳಿದಂತೆ ಬರೆದಿಟ್ಟ ಪ್ರವಚನಗಳಲ್ಲಿ ನಾಲ್ಕು ಭಾಗಗಳೂ, ಅವುಗಳ ಸಾರವಾದ 'ಕೈಪಿಡಿ'ಯೂ ಉಳಿದಿವೆ.

ಕೈಪಿಡಿಯ ನಾಲ್ಕನೆಯ ಪ್ರಕರಣದಲ್ಲಿ ಒಂದು ಅತಿ ಸಾಮಾನ್ಯವಾದ ಉದಾಹರಣೆ ಬರುತ್ತದೆ. ಒಬ್ಬನು ಸ್ನಾನಗೃಹಕ್ಕೆ ಹೊರಟಿದ್ದಾನೆ. ಅಲ್ಲಿ ಜನರು ನೀರನ್ನು ಎರಚುತ್ತಾರೆ, ನೂಕುತ್ತಾರೆ, ಬಯ್ಯುತ್ತಾರೆ, ಬಟ್ಟೆಯನ್ನೂ ಕದಿಯುತ್ತಾರೆ. ಇದನ್ನೆಲ್ಲ ಮೊದಲೇ ಮನಸ್ಸಿಗೆ ತಂದುಕೊಂಡು, ತನಗೆ ಸ್ನಾನವೂ ಬೇಕು, ತನ್ನ ಸಂಕಲ್ಪವು ಪ್ರಕೃತಿಗೆ ಹೊಂದಿಕೊಂಡಿರುವುದೂ ಬೇಕು ಎಂದು ಹೇಳಿಕೊಂಡು ಹೊರಡಬೇಕು ಎಂಬುದು ಅಲ್ಲಿಯ ಉಪದೇಶ. ಇಲ್ಲಿ ಗಮನಿಸತಕ್ಕದ್ದು ಆ 'ವೂ' ಎಂಬ ಸಮುಚ್ಚಯ. ಸ್ನಾನದ ಇಚ್ಛೆಯನ್ನು ಬಿಡಬೇಕೆಂದಿಲ್ಲ. ಸ್ನಾನವು ನೆಪ, ಮನಶ್ಶಾಂತಿಯೇ ನಿಜವಾದ ಉದ್ದೇಶ ಎಂದೂ ಇಲ್ಲ. ಒಂದೇ ಕ್ರಿಯೆಯಲ್ಲಿ ಎರಡು ಇಚ್ಛೆಗಳು, ಎರಡೂ ನಿಜವಾದುವು. ಒಂದು ಇಚ್ಛೆಯು ಸ್ನಾನದ ಕಡೆಗೆ ನೋಡುತ್ತದೆ, ಅದು ಕೈಗೂಡಬಹುದು, ಕೂಡದಿರಬಹುದು. ಇನ್ನೊಂದು ಸ್ನಾನಕ್ಕೆ ಹೋಗುವ ಬಗೆಯನ್ನು ನೋಡುತ್ತದೆ. ಅದನ್ನು ಕೆಡಿಸಲು ಕರ್ತೃವಿಗಲ್ಲದೆ ಬೇರೆ ಯಾರಿಗೂ ಶಕ್ತಿಯಿಲ್ಲ. ಪ್ಲೂಟಾರ್ಕನ ಆಕ್ಷೇಪವು ಪ್ರಯೋಜನವು ಒಂದೇ ಇರಬೇಕೆಂಬ ನಂಬಿಕೆಯ ಮೇಲೆ ನಿಂತಿದೆ. ಇಚ್ಛೆಗಳು ಎರಡಾದರೆ ಆತ್ಮಾಶ್ರಯವಿಲ್ಲ: ಬಿಲ್ಲುಗಾರನು ಲಕ್ಷ್ಯವನ್ನು ಹೊಡೆಯಲೆಂದೇ ಎಸೆಯುತ್ತಾನೆ, ಚೆನ್ನಾಗಿ ಎಸೆಯಲೆಂದೂ ಎಸೆಯುತ್ತಾನೆ. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಅಳತೆಯಿಲ್ಲ. ಎರಡನೆಯದಿಲ್ಲದೆ ಮೊದಲನೆಯದು ಕೇವಲ ಅದೃಷ್ಟದ ಆಟ.

ಆಟದ ಮಾತನ್ನು ಎಪಿಕ್ಟೀಟಸನೇ ಎತ್ತುತ್ತಾನೆ. ಚೆಂಡಾಟದಲ್ಲಿ ಚೆಂಡು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ವಿಚಾರಿಸರು. ಹಾಗೆಂದು ಚೆಂಡನ್ನು ಕೈಬಿಟ್ಟರೂ ಆದೀತು ಎಂದು ಯಾವ ಆಟಗಾರನೂ ನಿಲ್ಲುವುದಿಲ್ಲ, ಓಡಿ ಹಿಡಿಯುತ್ತಾನೆ. ದ್ರವ್ಯಗಳು ಉದಾಸೀನ, ಅವುಗಳ ವಿನಿಯೋಗವು ಉದಾಸೀನವಲ್ಲ ಎಂಬುದು ಅವನ ಸಿದ್ಧಾಂತ. ಸಮುದ್ರಯಾನಕ್ಕೆ ಹೊರಡುವವನು ಚುಕ್ಕಾಣಿಗನನ್ನೂ ನಾವಿಕರನ್ನೂ ದಿನವನ್ನೂ ಎಚ್ಚರದಿಂದ ಆರಿಸುತ್ತಾನೆ. ಆ ಬಳಿಕ ಬಿರುಗಾಳಿ ಎದ್ದರೆ ಅದು ಚುಕ್ಕಾಣಿಗನ ಪಾಲಿನ ಕೆಲಸ. ಆರಿಸುವಾಗ ಅಲಕ್ಷ್ಯ ಮಾಡಿ, ಗಾಳಿ ಎದ್ದಮೇಲೆ ಎಲ್ಲವೂ ಉದಾಸೀನವೆಂದು ಹೇಳುವವನನ್ನು ಸ್ಟೋಯಿಕನೆಂದು ಕರೆಯಲಾಗದು, ಸೋಮಾರಿಯೆನ್ನಬೇಕು.

ಸೆನೆಕಾ ಇದಕ್ಕೆ ಇನ್ನೊಂದು ಉಪಾಯವನ್ನು ಸೇರಿಸಿದ್ದಾನೆ. ಯಾವ ಸಂಕಲ್ಪವನ್ನು ಮಾಡುವಾಗಲೂ, ಏನೂ ಅಡ್ಡಬಾರದಿದ್ದರೆ ಎಂಬ ಒಂದು ಉಪಾಧಿಯನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವುದು. ನಮ್ಮಲ್ಲಿ ಹಿರಿಯರು 'ದೈವಸಂಕಲ್ಪವಿದ್ದರೆ' ಎಂದು ಹೇಳುವ ಮಾತನ್ನು ಹೋಲುತ್ತದೆಯಾದರೂ ಅದು ವಿನಯದ ಮಾತಲ್ಲ. ಸಂಕಲ್ಪವು ಭಗ್ನವಾಗದಂತೆ ಅದನ್ನು ಮೊದಲೇ ನಿಖರವಾಗಿ ರಚಿಸುವ ಕ್ರಮ.

ಇಷ್ಟರಿಂದ ಕರ್ಮದ ಪ್ರಶ್ನೆಗೆ ಸಮಾಧಾನ ದೊರಕಿತು. ಆತ್ಮೋನ್ನತಿಯ ಪ್ರಶ್ನೆಯು ಇದಕ್ಕಿಂತ ಕಠಿನ. ಸ್ಟೋಯಿಕರ ಪ್ರಕಾರ ಜ್ಞಾನಿಗೂ ಅಜ್ಞಾನಿಗೂ ನಡುವೆ ಮೂರನೆಯ ಸ್ಥಿತಿಯಿಲ್ಲ. ಒಂದು ಮೊಳ ನೀರಿನ ಕೆಳಗಿರುವವನಿಗೂ ಮಡುವಿನ ತಳದಲ್ಲಿರುವವನಿಗೂ ಉಸಿರುಕಟ್ಟುವುದು ಒಂದೇ ಸಮನಾಗಿ. ನಾಳೆ ಕಣ್ತೆರೆಯಲಿರುವ ನಾಯಿಮರಿಯು ಇಂದು ಹುಟ್ಟಿದ ಮರಿಗಿಂತ ಒಂದಿಷ್ಟೂ ಹೆಚ್ಚಾಗಿ ಕಾಣದು. ಹೀಗಾದರೆ ದಿನದಿನಕ್ಕೂ ಉತ್ತಮನಾಗುವುದೆಂಬ ಮಾತಿಗೆ ಅರ್ಥವೆಲ್ಲಿ? ಆದರೂ ಅವರು 'ಪ್ರೊಕೊಪೆ' ಎಂಬ ಮುನ್ನಡೆಯನ್ನು ಒಪ್ಪುತ್ತಾರೆ, ಮುನ್ನಡೆಯುವವನಿಗೆಂದೇ ಉಪದೇಶಿಸುತ್ತಾರೆ. ಈ ವಿರೋಧವನ್ನು ತರ್ಕದಿಂದ ಪೂರ್ಣವಾಗಿ ಪರಿಹರಿಸಿದರೆಂದು ಹೇಳುವುದು ಕಷ್ಟ. ಆದರೆ ದೃಷ್ಟಾಂತಗಳನ್ನು ಸರಿಯಾಗಿ ನೋಡಿದರೆ ಒಂದು ಅಂಶವು ಸ್ಪಷ್ಟವಾಗುತ್ತದೆ: ಮುಳುಗಿದವನು ಮೇಲಕ್ಕೆ ಬರುತ್ತಿಲ್ಲವೆಂದು ಅವು ಹೇಳುವುದಿಲ್ಲ, ಬರುತ್ತಿರುವುದನ್ನೇ ಬಂದುದಾಗಿ ಎಣಿಸಬಾರದೆಂದು ಹೇಳುತ್ತವೆ. ಸ್ವಲ್ಪ ಉತ್ತಮನಾದೆನೆಂಬ ತೃಪ್ತಿಯು ಸಾಧಕನಿಗೆ ಎಷ್ಟು ಅಪಾಯಕರವೆಂಬುದನ್ನು ಬಲ್ಲವರ ಮಾತಿದು.

ಮುನ್ನಡೆಯ ಗುರುತು ಯಾವುದೆಂಬ ವಿಷಯದಲ್ಲಿ ಎಪಿಕ್ಟೀಟಸನು ವಿದ್ವಾಂಸರಿಗೆ ಸ್ವಲ್ಪವೂ ದಾಕ್ಷಿಣ್ಯ ತೋರುವುದಿಲ್ಲ. ಕ್ರಿಸಿಪ್ಪಸನು ಏಳುನೂರ ಐದಕ್ಕಿಂತ ಹೆಚ್ಚು ಪುಸ್ತಕಗಳನ್ನು ಬರೆದ ಮಹಾಪಂಡಿತ. ಆ ಸಂಪ್ರದಾಯದಲ್ಲಿ ಅವನ ಗ್ರಂಥಗಳಿಗೆ ಭಾಷ್ಯಸದೃಶವಾದ ಮಾನ್ಯತೆಯಿತ್ತು. ಪಾಠಶಾಲೆಗೆ ಬಂದ ಒಬ್ಬ ವಿದ್ಯಾರ್ಥಿಯು ಕ್ರಿಸಿಪ್ಪಸನನ್ನು ತಾನೇ ಓದಬಲ್ಲನೆಂಬುದನ್ನು ಮುನ್ನಡೆಯೆಂದು ಭಾವಿಸಿದಾಗ ಗುರುವು ಕೊಡುವ ಉತ್ತರದ ಸಾರವಿಷ್ಟು. ಗರಡಿಯಾಳನ್ನು ತೋಳುಗಳನ್ನು ತೋರಿಸೆಂದು ಕೇಳಿದರೆ ಅವನು ವ್ಯಾಯಾಮದ ಗುಂಡುಗಳನ್ನು ತೋರಿಸಿದಂತಾಯಿತು. ಗುಂಡುಗಳನ್ನು ಯಾರು ಬೇಕಾದರೂ ಕೊಳ್ಳಬಹುದು. ಗ್ರಂಥದ ಬೆಲೆಯು ಐದು ದಿನಾರಿ ಮಾತ್ರ. ಅದನ್ನು ವ್ಯಾಖ್ಯಾನಿಸುವವನ ಬೆಲೆಯು ಅದಕ್ಕಿಂತ ಹೆಚ್ಚೆಂದು ತೋರುತ್ತದೆಯೇ ಎಂದೂ ಕೇಳುತ್ತಾನೆ. ಶಾಸ್ತ್ರವನ್ನೇ ಜೀವನವೃತ್ತಿಯಾಗಿ ಉಳ್ಳವರಿಗೆ ಈ ಪ್ರಶ್ನೆಯು ಚುಚ್ಚದೆ ಇರದು.

ಹಾಗಾದರೆ ತೋಳುಗಳು ಯಾವುವು? ಬಯಕೆ, ಪ್ರವೃತ್ತಿ, ಅನುಮತಿ ಎಂದು ಮೂರು ಕ್ಷೇತ್ರಗಳನ್ನು ಅವನು ಹೇಳುತ್ತಾನೆ: ಏನನ್ನು ಬಯಸಬೇಕು, ಏನನ್ನು ಮಾಡಬೇಕು, ಮನಸ್ಸಿಗೆ ತೋರಿದ ಯಾವ ತೋರಿಕೆಯನ್ನು ನಿಜವೆಂದು ಒಪ್ಪಬೇಕು. ಮೂರೂ ಪರೀಕ್ಷೆಗೆ ಬರುವುದು ನಿತ್ಯದ ವ್ಯವಹಾರದಲ್ಲಿ. ಎಣ್ಣೆ ಚೆಲ್ಲಿತು, ಚಾಕರನು ಕರೆದಾಗ ಓಗೊಡಲಿಲ್ಲ, ದೀಪವು ಕಳುವಾಯಿತು. ದೀಪದ ಮಾತು ಅವನ ಸ್ವಂತದ್ದೇ. ಮನೆಯ ದೇವರ ಮುಂದೆ ಇಟ್ಟಿದ್ದ ಕಬ್ಬಿಣದ ದೀಪವನ್ನು ಕಳ್ಳನು ಒಯ್ದಾಗ ಮರುದಿನ ಮಣ್ಣಿನದನ್ನು ತಂದಿಟ್ಟುಕೊಂಡನು. ಆ ಮಣ್ಣಿನ ದೀಪವನ್ನು ಅವನು ಸತ್ತ ಬಳಿಕ ಒಬ್ಬನು ಮೂರು ಸಾವಿರ ದ್ರಾಖ್ಮಕ್ಕೆ ಕೊಂಡು, ಅದರ ಬೆಳಕಿನಲ್ಲಿ ರಾತ್ರಿ ಓದಿದರೆ ಎಪಿಕ್ಟೀಟಸನ ವಿವೇಕವು ತನಗೂ ಬಂದೀತೆಂದು ನಂಬಿದ್ದನೆಂದು ಲೂಷಿಯನ್ ಎಂಬ ವಿಡಂಬನಕಾರನು ಬರೆದಿದ್ದಾನೆ.

ಇಲ್ಲಿಯವರೆಗೆ ಸಲುವ ಕೆಲಸವು ಯಾವುದೆಂಬುದನ್ನು ಸಿದ್ಧವಾದುದೆಂದೇ ಇಟ್ಟುಕೊಂಡು ವಿಚಾರಿಸಿದಂತಾಯಿತು. ಅದನ್ನು ಕಂಡುಕೊಳ್ಳುವುದು ಹೇಗೆ? ರೋಡ್ಸ್ ದ್ವೀಪದ ಪನೀಷಿಯಸನು ಇದಕ್ಕೆ ಕೊಟ್ಟ ಉತ್ತರವನ್ನು ಸಿಸರೋ ಕ್ರಿ. ಪೂ. ೪೪ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಬರೆದ ಕರ್ತವ್ಯಗ್ರಂಥದಲ್ಲಿ ಸಂಗ್ರಹಿಸಿದ್ದಾನೆ. ಪ್ರತಿಯೊಬ್ಬ ಮನುಷ್ಯನೂ ನಾಲ್ಕು ವೇಷಗಳನ್ನು ಧರಿಸಿದ್ದಾನೆ. ಬುದ್ಧಿಯುಳ್ಳವನೆಂಬುದು ಎಲ್ಲರಿಗೂ ಸಮಾನವಾದ ವೇಷ. ತನ್ನ ತನ್ನ ಸ್ವಭಾವವು ಎರಡನೆಯದು. ಕುಲ, ಸಂಪತ್ತು, ಕಾಲಗಳೆಂಬ ಯದೃಚ್ಛೆಯಿಂದ ಬಂದುದು ಮೂರನೆಯದು. ತಾನೇ ಆರಿಸಿಕೊಂಡ ವೃತ್ತಿಯು ನಾಲ್ಕನೆಯದು. ವೃತ್ತಿಯನ್ನು ಆರಿಸುವುದು ಎಲ್ಲ ವಿಚಾರಗಳಲ್ಲಿಯೂ ಕಷ್ಟತಮವಾದುದೆಂದೂ, ವಿವೇಚನೆಯು ಅತಿ ದುರ್ಬಲವಾಗಿರುವ ಎಳೆಯ ವಯಸ್ಸಿನಲ್ಲಿಯೇ ಅದನ್ನು ಮಾಡಬೇಕಾಗಿ ಬರುವುದೆಂದೂ ಸಿಸರೋ ಸೇರಿಸಿದ್ದಾನೆ. ಮಗನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರಬೇಕು.

ಸ್ಟೋಯಿಕರ ಮೇಲೆ ಹೊರಿಸಬಹುದಾದ ನಿಜವಾದ ದೋಷವು ಇಲ್ಲಿದೆ. ಪಾತ್ರವನ್ನು ಚೆನ್ನಾಗಿ ಅಭಿನಯಿಸುವುದು ನಿನ್ನ ಕೆಲಸ, ಪಾತ್ರವನ್ನು ಹಂಚುವುದು ನಿನ್ನದಲ್ಲ ಎಂಬ ಉಪದೇಶವು ಅನ್ಯಾಯವಾಗಿ ಹಂಚಲ್ಪಟ್ಟ ಪಾತ್ರವನ್ನೂ ಒಪ್ಪಿಸಿಬಿಡಬಲ್ಲುದು. ಸ್ವತಃ ದಾಸನಾಗಿದ್ದ ಎಪಿಕ್ಟೀಟಸನೂ ದಾಸ್ಯವೆಂಬ ವ್ಯವಸ್ಥೆಯು ಇರತಕ್ಕದ್ದಲ್ಲವೆಂದು ವಾದಿಸಲಿಲ್ಲ. ಆದರೆ ಪಾತ್ರನಿಷ್ಠೆಯು ಯಾವಾಗಲೂ ತಲೆತಗ್ಗಿಸುವುದರಲ್ಲಿಯೇ ಮುಗಿಯಿತೆಂದು ತಿಳಿಯಬಾರದು. ಹೆಲ್ವಿಡಿಯಸ್ ಪ್ರಿಸ್ಕಸ್ ಎಂಬವನು ರೋಮಿನ ಸೆನೆಟ್ ಸಭೆಯ ಸದಸ್ಯ. ೬೯ರಿಂದ ೭೯ರವರೆಗೆ ಆಳಿದ ವೆಸ್ಪೇಸಿಯನ್ ಚಕ್ರವರ್ತಿಯು ಅವನಿಗೆ ಸಭೆಗೆ ಬರಬೇಡವೆಂದು ಹೇಳಿ ಕಳುಹಿಸಿದನು. ಸದಸ್ಯತ್ವವನ್ನು ಕಿತ್ತುಕೊಳ್ಳುವುದು ಚಕ್ರವರ್ತಿಯ ಕೈಯಲ್ಲಿದೆ, ಆದರೆ ಸದಸ್ಯನಾಗಿರುವವರೆಗೆ ಬರುವುದು ತನಗೆ ಸಲುವುದೆಂದು ಅವನು ಉತ್ತರ ಕೊಟ್ಟನು. ಬಂದರೆ ಸುಮ್ಮನಿರು ಎಂದರೆ, ಅಭಿಪ್ರಾಯವನ್ನು ಕೇಳದಿದ್ದರೆ ಸುಮ್ಮನಿರುವೆನೆಂದನು. ಕೊಲ್ಲಿಸುವೆನೆಂಬ ಮಾತು ಬಂದಾಗ, ಕೊಲ್ಲಿಸುವುದು ನಿನ್ನ ಪಾಲಿನದು, ನಡುಗದೆ ಸಾಯುವುದು ನನ್ನ ಪಾಲಿನದು ಎಂಬರ್ಥದ ಮಾತನ್ನು ಹೇಳಿದನೆಂದು ಎಪಿಕ್ಟೀಟಸನು ಶಿಷ್ಯರಿಗೆ ವರ್ಣಿಸುತ್ತಾನೆ. ಮೊದಲು ದೇಶಭ್ರಷ್ಟನಾಗಿ ಬಳಿಕ ಅವನು ಕೊಲ್ಲಲ್ಪಟ್ಟನು. ಒಬ್ಬನ ಎದುರಾಟದಿಂದ ಏನು ಲಾಭವಾಯಿತೆಂದು ಕೇಳುವವರಿಗೆ, ಬಟ್ಟೆಯ ಅಂಚಿನ ಕೆಂಪು ನೂಲಿನಿಂದ ಬಟ್ಟೆಗೆ ಏನು ಲಾಭ ಎಂಬ ಪ್ರತಿಪ್ರಶ್ನೆಯನ್ನು ಅವನು ಹಾಕುತ್ತಾನೆ.

ಇದಕ್ಕೆ ಎದುರು ತುದಿಯಲ್ಲಿ ಸಿಂಹಾಸನದ ಮೇಲಿದ್ದವನು ಮಾರ್ಕಸ್ ಅರೀಲಿಯಸ್. ೧೬೧ರಿಂದ ೧೮೦ರವರೆಗಿನ ಅವನ ಆಳ್ವಿಕೆಯಲ್ಲಿ ಮಹಾಮಾರಿಯೂ ಡಾನ್ಯೂಬ್ ನದಿಯ ಗಡಿಯಲ್ಲಿ ಯುದ್ಧವೂ ಒಟ್ಟಿಗೆ ಬಂದುವು. ತನಗಾಗಿಯೇ ಗ್ರೀಕ್ ಭಾಷೆಯಲ್ಲಿ ಬರೆದುಕೊಂಡ ಹನ್ನೆರಡು ಭಾಗಗಳ ಟಿಪ್ಪಣಿಗಳಲ್ಲಿ ಮೊದಲ ಭಾಗಗಳ ಬಳಿ ಕ್ವಾದಿ ಜನರ ನಾಡಿನ ಗ್ರಾನ್ ನದಿಯ ಹೆಸರೂ ಕಾರ್ನುಂಟಮ್ ಪಾಳೆಯದ ಹೆಸರೂ ಕಾಣುತ್ತವೆ. ಐದನೆಯ ಭಾಗದ ಪ್ರಾರಂಭದಲ್ಲಿ, ಬೆಳಗ್ಗೆ ಹಾಸಿಗೆಯಿಂದ ಏಳಲು ಮನಸ್ಸಿಲ್ಲದ ಚಕ್ರವರ್ತಿಯು ತನ್ನೊಡನೆ ತಾನು ವಾದಿಸುತ್ತಾನೆ: ಮನುಷ್ಯನ ಕೆಲಸಕ್ಕಾಗಿ ಹುಟ್ಟಿದವನು ಹೊದಿಕೆಯ ಬೆಚ್ಚಗಿಗಾಗಿ ಹುಟ್ಟಿದನೇ? ಗುಬ್ಬಿ, ಇರುವೆ, ಜೇಡ, ಜೇನುಗಳು ತಮತಮಗೆ ಸಲುವುದನ್ನು ಮಾಡುತ್ತಿರುವುದು ಕಾಣದೇ? ಬಳ್ಳಿಗೂ ಹಕ್ಕಿಗೂ ಕಥೇಕೋನ್ ಉಂಟೆಂದ ಜೀನೋವಿನ ಮಾತು ಇಲ್ಲಿ ನಾಲ್ಕುನೂರ ಎಪ್ಪತ್ತು ವರ್ಷಗಳ ಬಳಿಕ ಪಾಳೆಯದ ಗುಡಾರದಲ್ಲಿ ಕೆಲಸಕ್ಕೆ ಬಂದಿದೆ. ಕಾರ್ಯಕ್ಕೆ ಅಡ್ಡವಾದುದನ್ನೇ ಕಾರ್ಯದ ದ್ರವ್ಯವನ್ನಾಗಿ ತಿರುಗಿಸಿಕೊಳ್ಳಬಹುದೆಂಬ ಮಾತೂ ಅದೇ ಭಾಗದಲ್ಲಿದೆ. ಪ್ಲೇಟೋವಿನ ಆದರ್ಶರಾಜ್ಯವನ್ನು ನಿರೀಕ್ಷಿಸದೆ, ಅತ್ಯಲ್ಪವಾದುದು ಮುಂದುವರಿದರೂ ಸಾಕೆಂದು ಒಂಬತ್ತನೆಯ ಭಾಗದಲ್ಲಿ ಬರೆದುಕೊಂಡಿದ್ದಾನೆ. ಅಂಥವನೇ ೧೭೭ರಲ್ಲಿ ಮಗನಾದ ಕಮೋಡಸನನ್ನು ಸಹಚಕ್ರವರ್ತಿಯನ್ನಾಗಿ ಮಾಡಿದನು. ತಂದೆಯೆಂಬ ವೇಷವೂ ಅರಸನೆಂಬ ವೇಷವೂ ಕಲಹಕ್ಕೆ ಬಿದ್ದಾಗ ಯಾವುದು ಮೇಲೆಂಬುದಕ್ಕೆ ಪನೀಷಿಯಸನ ವಿಭಾಗದಲ್ಲಿಯೂ ಸುಲಭವಾದ ಉತ್ತರವಿಲ್ಲ.

ಗೀತೆಯ ಕರ್ಮಯೋಗದೊಡನೆ ಈ ಮತದ ಸಾಮ್ಯವು ಮೇಲ್ನೋಟಕ್ಕೇ ಕಾಣುತ್ತದೆ. ಸ್ವಧರ್ಮ, ಸಮತ್ವ, ಫಲದಲ್ಲಿ ಅಸಂಗ ಎಂಬ ಮೂರನ್ನೂ ಎರಡು ಕಡೆಯೂ ಕಾಣಬಹುದು. ಭೇದಗಳು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಕರ್ಮಯೋಗದಲ್ಲಿ ಫಲವನ್ನು ಈಶ್ವರನಿಗೆ ಅರ್ಪಿಸುವುದುಂಟು. ಶಂಕರಾಚಾರ್ಯರ ಮತದಲ್ಲಿ ಅಂಥ ಕರ್ಮವು ಚಿತ್ತಶುದ್ಧಿಗೆ ಸಾಧನ, ಚಿತ್ತಶುದ್ಧಿಯು ಜ್ಞಾನಕ್ಕೆ ದ್ವಾರ, ಜ್ಞಾನದಿಂದ ಮೋಕ್ಷ. ಕರ್ಮಕ್ಕೆ ಆಚೆ ಒಂದು ಗಮ್ಯವಿದೆ. ಸ್ಟೋಯಿಕರಿಗೆ ಆಚೆಯೆಂಬುದಿಲ್ಲ, ಸರಿಯಾಗಿ ಮಾಡುತ್ತಿರುವುದೇ ಗಮ್ಯ. ಮೀಮಾಂಸಕರೊಡನೆ ಹೋಲಿಸಿದರೆ ಇನ್ನೊಂದು ಸಂಗತಿಯು ಹೊಳೆಯುತ್ತದೆ. ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಫಲಕ್ಕಾಗಿ ಮಾಡುವ ಕಾಮ್ಯಕರ್ಮದಲ್ಲಿ ಎಲ್ಲ ಅಂಗಗಳೂ ಇರಲೇಬೇಕೆಂದೂ, ನಿತ್ಯಕರ್ಮವನ್ನು ಯಥಾಶಕ್ತಿಯಾಗಿ, ಕೆಲವು ಅಂಗಗಳು ಕಡಿಮೆಯಾದರೂ ಮಾಡಬಹುದೆಂದೂ ನಿರ್ಣಯವಾಗಿದೆ. ತನ್ನ 'ಕೈಯಲ್ಲಿರುವುದೆಲ್ಲವನ್ನೂ' ಎಂಬ ಆಂಟಿಪೇಟರನ ಮಾತಿಗೆ ನಮ್ಮಲ್ಲಿ ಅತ್ಯಂತ ಸಮೀಪವಾದುದು ಈ ಯಥಾಶಕ್ತಿನ್ಯಾಯ. ಫಲತ್ಯಾಗವು ಇದಕ್ಕಿಂತ ದೂರದ್ದು. ಏಕೆಂದರೆ ಸ್ಟೋಯಿಕನು ಫಲದ ಇಚ್ಛೆಯನ್ನು ತ್ಯಜಿಸುವುದಿಲ್ಲ. ಸ್ನಾನವೂ ಬೇಕು ಎಂದೇ ಹೇಳುತ್ತಾನೆ.

ಈ ಕಾರಣದಿಂದ ಕಥೇಕೋನ್ ಎಂಬುದನ್ನು ಕನ್ನಡದಲ್ಲಿ 'ನಿಷ್ಕಾಮಕರ್ಮ'ವೆಂದು ಬರೆಯುವುದು ಅರ್ಥವನ್ನೇ ಕೆಡಿಸುತ್ತದೆ. ಸಿಸರೋ ಇದನ್ನು ಲ್ಯಾಟಿನಿಗೆ ತರುವಾಗ 'ಆಫಿಸಿಯಮ್' ಎಂಬ ಪದವನ್ನು ಆರಿಸಿ, ಅದು ಹೊಂದುವುದೋ ಇಲ್ಲವೋ ಎಂದು ಗೆಳೆಯನಾದ ಆಟಿಕಸನೊಡನೆ ಪತ್ರಗಳಲ್ಲಿ ಚರ್ಚಿಸಿದ್ದಾನೆ. ಆ ಲ್ಯಾಟಿನ್ ಪದದಲ್ಲಿ ಪದವಿಯ ಹೊಣೆಯೆಂಬ ಛಾಯೆಯಿರುವುದರಿಂದ 'ಕರ್ತವ್ಯ'ವೆಂಬುದನ್ನು ಅದಕ್ಕೆ ಇಟ್ಟುಕೊಂಡು, ಗ್ರೀಕ್ ಪದಕ್ಕೆ 'ಸಲುವುದು' ಎಂಬುದನ್ನು ಬಳಸುವುದು ಸಾಧುವಾಗಿ ಕಾಣುತ್ತದೆ.